ಕಲ್ಲೂ ಅಲ್ಲ, ಉಷ್ಣವೂ ಅಲ್ಲ: ವಯಸ್ಕರ ಮೂತ್ರಪಿಂಡದ ಕ್ಯಾನ್ಸರ್ ಕುರಿತು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಕಿಡ್ನಿಯ ಮಾತು ಬಂದರೆ ಎರಡೇ ಪದಗಳು ಬಹುಮಟ್ಟಿಗೆ ಎಲ್ಲ ಕೆಲಸವನ್ನೂ ಮಾಡಿಬಿಡುತ್ತವೆ: ಒಂದು ‘ಕಲ್ಲು’, ಇನ್ನೊಂದು ‘ಫೇಲ್’. ಕಲ್ಲೆಂದರೆ ಸೊಂಟದಿಂದ ತೊಡೆಸಂದಿಯವರೆಗೆ ಹಿಂಡುವ ನೋವು, ಅದಕ್ಕೆ ಬಾಳೆದಿಂಡಿನ ರಸ, ಹುರುಳಿಕಟ್ಟು, ಕಾಡುಬಸಳೆಯ ಎಲೆ. ಫೇಲ್ ಎಂದರೆ ಊದಿದ ಕಾಲು, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್, ಅದರ ಹಿಂದೆಯೇ ಸಾಲ. ಈ ಎರಡನ್ನೂ ಹೋಲದೆ, ನೋವನ್ನೂ ಕೊಡದೆ, ಮೂತ್ರದ ಪ್ರಮಾಣವನ್ನೂ ಕಡಿಮೆ ಮಾಡದೆ ಮೂತ್ರಪಿಂಡದ ಮಾಂಸದೊಳಗೇ ವರ್ಷಗಟ್ಟಲೆ ಬೆಳೆಯುವ ಗಡ್ಡೆಗೆ ಮನೆಮಾತಿನಲ್ಲಿ ಹೆಸರೇ ಇಲ್ಲ. ಕನ್ನಡದ ವೈದ್ಯಕೀಯ ಬರವಣಿಗೆ ಕ್ಯಾನ್ಸರನ್ನು ‘ಏಡಿಗಂತಿ’ ಎಂದು ಕರೆದಿದೆ, ಆಯುರ್ವೇದದ ಪರಂಪರೆಯಿಂದ ‘ಅರ್ಬುದ’ವೂ ಬಂದಿದೆ, ಆದರೆ ಕಿಡ್ನಿಯ ಪಕ್ಕದಲ್ಲಿ ಈ ಪದಗಳು ಕೂತದ್ದು ಅಪರೂಪ. ಹೆಸರಿಲ್ಲದಿರುವುದು ಇಲ್ಲಿ ಬರಿಯ ಭಾಷೆಯ ಕೊರತೆಯಾಗಿ ಉಳಿಯುವುದಿಲ್ಲ, ಏಕೆಂದರೆ ದೇಹ ತೋರುವ ಗುರುತನ್ನು ಮನುಷ್ಯ ತನಗೆ ಗೊತ್ತಿರುವ ಕಾಯಿಲೆಗಳ ಪಟ್ಟಿಯಲ್ಲಿಟ್ಟೇ ಓದುತ್ತಾನೆ, ಪಟ್ಟಿಯಲ್ಲಿಲ್ಲದ ಕಾಯಿಲೆಯ ಗುರುತು ಕಣ್ಣೆದುರಿಗಿದ್ದರೂ ಬೇರೊಂದರ ಲೆಕ್ಕಕ್ಕೆ ಹೋಗುತ್ತದೆ.

ಮೂತ್ರಪಿಂಡಗಳು ಇರುವ ಜಾಗವೇ ಈ ಮರೆಯನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಅವರೆಕಾಳಿನ ಆಕಾರದ, ಸುಮಾರು ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದದ ಈ ಎರಡು ಅಂಗಗಳು ಕರುಳುಗಳಿರುವ ಚೀಲದ ಹಿಂದೆ, ಬೆನ್ನೆಲುಬಿನ ಎರಡು ಮಗ್ಗುಲಿಗೆ, ಕೊನೆಯ ಪಕ್ಕೆಲುಬುಗಳ ಅಡಿಯಲ್ಲಿ ದಪ್ಪ ಕೊಬ್ಬಿನ ಹಾಸಿಗೆಯೊಳಗೆ ಹುದುಗಿರುತ್ತವೆ. ಹೃದಯ ಹೊರಹಾಕುವ ರಕ್ತದ ಐದನೇ ಒಂದು ಪಾಲು ಇವುಗಳ ಮೂಲಕ ಹಾಯುತ್ತದೆ; ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿದ್ದು, ಪ್ರತಿ ಘಟಕಕ್ಕೂ ಸೋಸಿದ ನೀರಿನಿಂದ ಬೇಕಾದುದನ್ನು ಮರಳಿ ಹೀರುವ ಸಣ್ಣ ನಾಳವೊಂದು ಅಂಟಿಕೊಂಡಿದೆ. ವಯಸ್ಕರ ಮೂತ್ರಪಿಂಡದ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚಿನವು ಈ ನಾಳಗಳ ಒಳಪದರದ ಜೀವಕೋಶಗಳಿಂದ ಹುಟ್ಟುತ್ತವೆ, ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸೂಕ್ಷ್ಮದರ್ಶಕದಡಿ ಕೋಶಗಳು ಖಾಲಿ ಗಾಜಿನಂತೆ ತಿಳಿಯಾಗಿ ಕಾಣುವ ‘ತಿಳಿಕೋಶ’ದ ಬಗೆಯವು. ಮೂತ್ರ ಬಂದು ಸೇರುವ ಬಟ್ಟಲಿನಲ್ಲಿ ಹುಟ್ಟುವ ಕ್ಯಾನ್ಸರ್ ಬೇರೆಯ ಕುಲದ್ದು, ಮೂತ್ರಕೋಶದ ಕ್ಯಾನ್ಸರಿಗೆ ಹತ್ತಿರದ ನೆಂಟ. ಚಿಕ್ಕ ಮಕ್ಕಳಲ್ಲಿ ಬರುವ ವಿಲ್ಮ್ಸ್ ಗಡ್ಡೆಯೂ ಹುಟ್ಟಿನಲ್ಲಿ, ಚಿಕಿತ್ಸೆಯಲ್ಲಿ ಪೂರ್ತಿ ಬೇರೆ. ಈ ಲೇಖನದ ಮಾತೆಲ್ಲ ಮೊದಲನೆಯದನ್ನು ಕುರಿತದ್ದು.

ಜಾಗ ಆಳವಾದದ್ದು, ಸುತ್ತ ಕೊಬ್ಬಿನ ತೆರಪಿದೆ, ಒಂದು ಪಿಂಡ ಕುಗ್ಗಿದರೆ ಇನ್ನೊಂದು ಭಾರ ಹೊರುತ್ತದೆ. ಈ ಮೂರೂ ಸೇರಿ ಗಡ್ಡೆ ನಿಂಬೆಹಣ್ಣಿನ ಗಾತ್ರಕ್ಕೆ ಬಂದರೂ ಮನುಷ್ಯನಿಗೆ ಏನೂ ಅನ್ನಿಸದಿರಬಹುದು. ರಕ್ತಪರೀಕ್ಷೆಯ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡದ ಸೋಸುವ ಶಕ್ತಿಯನ್ನು ಅಂದಾಜಿಸುವ ಅಂಶ, ಏನೂ ಆಗಿಲ್ಲವೆಂಬಂತೆ ಸಮವಾಗಿಯೇ ಇರಬಹುದು. ‘ಕಿಡ್ನಿ ಟೆಸ್ಟ್ ನಾರ್ಮಲ್’ ಎಂಬ ಪ್ರಯೋಗಾಲಯದ ಚೀಟಿ ಕಿಡ್ನಿಯ ಕೆಲಸ ಸರಿಯಿದೆಯೆಂದಷ್ಟೇ ಹೇಳುತ್ತದೆ, ಅದರೊಳಗೆ ಗಡ್ಡೆಯಿಲ್ಲವೆಂದು ಹೇಳುವುದಿಲ್ಲ. ಈ ವ್ಯತ್ಯಾಸವನ್ನು ಚೀಟಿ ಕೈಗಿಡುವವರು ಬಾಯಿಬಿಟ್ಟು ತಿಳಿಸುವುದು ವಿರಳ.

ಕಾಣಿಸಿಕೊಳ್ಳುವ ಗುರುತುಗಳಲ್ಲಿ ಮುಖ್ಯವಾದದ್ದು ಮೂತ್ರದಲ್ಲಿ ರಕ್ತ, ಅದೂ ನೋವಿಲ್ಲದ ರಕ್ತ. ಇಲ್ಲಿಯೇ ಕಲ್ಲಿನ ತರ್ಕ ಮನುಷ್ಯನಿಗೆ ದ್ರೋಹ ಬಗೆಯುತ್ತದೆ. ಕಲ್ಲಿನಿಂದ ಬರುವ ರಕ್ತದ ಜೊತೆ ನೋವು ಬರುತ್ತದೆ, ಸೋಂಕಿನ ರಕ್ತದ ಜೊತೆ ಉರಿ ಬರುತ್ತದೆ, ಎರಡೂ ಮನುಷ್ಯನನ್ನು ವೈದ್ಯರ ಬಾಗಿಲಿಗೆ ಎಳೆದೊಯ್ಯುತ್ತವೆ. ನೋವೂ ಉರಿಯೂ ಇಲ್ಲದೆ ಒಂದು ದಿನ ಮೂತ್ರ ಕೆಂಪಗೆ ಹೋದರೆ ಅದಕ್ಕೆ ಊರಿನಲ್ಲಿ ಸಿದ್ಧವಾಗಿರುವ ಮಾತು ‘ಉಷ್ಣ’. ಬಿಸಿಲಲ್ಲಿ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದದ್ದು, ರಾತ್ರಿಪಾಳಿಯಲ್ಲಿ ಮಗ್ಗ ನಡೆಸಿದ್ದು, ಲಾರಿಯ ಇಂಜಿನ್ನಿನ ಪಕ್ಕ ದಿನವಿಡೀ ಕೂತದ್ದು, ನೀರು ಕುಡಿಯದಿದ್ದದ್ದು, ಇವೆಲ್ಲ ಉಷ್ಣಕ್ಕೆ ನಂಬಲರ್ಹ ಕಾರಣಗಳೇ. ಎಳನೀರು, ಬಾರ್ಲಿ ಗಂಜಿ, ನೆಗ್ಗಿಲು ಮುಳ್ಳಿನ ಕಷಾಯ, ಯಾವುದೋ ಒಂದನ್ನು ಕುಡಿದ ಮಾರನೆಯ ದಿನ ಮೂತ್ರ ಮೊದಲಿನ ಬಣ್ಣಕ್ಕೆ ಬರುತ್ತದೆ. ಅಲ್ಲಿಗೆ ಮದ್ದು ಕೆಲಸ ಮಾಡಿತೆಂಬುದು ಸಾಬೀತಾಯಿತು. ನಿಜ ಸಂಗತಿ ಏನೆಂದರೆ ಗಡ್ಡೆಯಿಂದ ಬರುವ ರಕ್ತದ ಸ್ವಭಾವವೇ ಬಂದು ನಿಲ್ಲುವುದು. ಎಳನೀರು ಕುಡಿದರೂ ನಿಲ್ಲುತ್ತದೆ, ಕುಡಿಯದಿದ್ದರೂ ನಿಲ್ಲುತ್ತದೆ, ಮತ್ತೆ ಬರುವುದಕ್ಕೆ ವಾರವೋ ಆರು ತಿಂಗಳೋ ಹಿಡಿಯುತ್ತದೆ. ಆ ಆರು ತಿಂಗಳು ಮದ್ದಿನ ಕೀರ್ತಿಯ ಕಾಲವೂ ಹೌದು, ಗಡ್ಡೆ ಬೆಳೆಯುವ ಕಾಲವೂ ಹೌದು.

ಹೀಗೆ ಹೇಳುವುದರಿಂದ ಮನೆಮದ್ದನ್ನು ಹೀಗಳೆದಂತಾಗಬೇಕಿಲ್ಲ. ನೀರಿನಂಶ ಹೆಚ್ಚಿಸುವ ಪಾನೀಯಗಳು ಸಣ್ಣ ಕಲ್ಲಿನ ವಿಷಯದಲ್ಲಿ ನೆರವಾಗುವುದಕ್ಕೆ ಶರೀರಶಾಸ್ತ್ರದ ಆಧಾರವಿದೆ, ಬೇಸಿಗೆಯಲ್ಲಿ ಮೂತ್ರ ಗಾಢವಾಗುವುದೂ ದಿಟ. ತಪ್ಪಿರುವುದು ಮದ್ದಿನಲ್ಲಿ ಅಲ್ಲ, ‘ನೋವಿಲ್ಲ, ಆದ್ದರಿಂದ ಭಯವಿಲ್ಲ’ ಎಂಬ ತೀರ್ಮಾನದಲ್ಲಿ. ವಯಸ್ಸು ನಲವತ್ತರ ಹತ್ತಿರಕ್ಕೆ ಬಂದವರಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದುವವರಲ್ಲಿ, ಕಣ್ಣಿಗೆ ಕಾಣುವಂತೆ ನೋವಿಲ್ಲದ ರಕ್ತ ಒಂದೇ ಒಂದು ಸಲ ಹೋದರೂ ಮೂತ್ರಪಿಂಡದಿಂದ ಮೂತ್ರಕೋಶದವರೆಗಿನ ದಾರಿಯನ್ನು ಪೂರ್ತಿ ನೋಡಬೇಕೆಂಬುದು ಮೂತ್ರರೋಗ ಶಾಸ್ತ್ರದ ಒಮ್ಮತದ ಮಾತು. ಹಾಗೆ ನೋಡಿದಾಗ ಹಲವರಲ್ಲಿ ಸಿಗುವುದು ಸೋಂಕು, ಕಲ್ಲು ಅಥವಾ ಪ್ರಾಸ್ಟೇಟ್ ಗ್ರಂಥಿಯ ಊತ. ಕೆಲವರಲ್ಲಿ ಮೂತ್ರಕೋಶದ ಕ್ಯಾನ್ಸರ್. ಮೂತ್ರಪಿಂಡದ ಕ್ಯಾನ್ಸರ್ ಸಿಗುವುದು ಇನ್ನೂ ಕಡಿಮೆ ಜನರಲ್ಲಿ ಮಾತ್ರ. ಆದರೆ ಆ ಕೆಲವರು ಯಾರೆಂಬುದು ನೋಡದೆ ಗೊತ್ತಾಗುವಂಥದ್ದಲ್ಲ.

ಹಳೆಯ ವೈದ್ಯಕೀಯ ಪುಸ್ತಕಗಳು ಮೂರು ಗುರುತುಗಳ ಕೂಟವೊಂದನ್ನು ಹೇಳುತ್ತಿದ್ದವು: ಮೂತ್ರದಲ್ಲಿ ರಕ್ತ, ಪಕ್ಕೆಯಲ್ಲಿ ನೋವು, ಕೈಗೆ ಸಿಗುವ ಗಡ್ಡೆ. ಮೂರೂ ಒಟ್ಟಿಗೆ ಕಾಣುವುದು ನೂರರಲ್ಲಿ ಹತ್ತು ಮಂದಿಯಲ್ಲೂ ಇಲ್ಲ, ಕಂಡಾಗ ಕಾಯಿಲೆ ಬಹುಪಾಲು ಮುಂದುವರಿದಿರುತ್ತದೆ. ಇನ್ನು ಕೆಲವು ಗುರುತುಗಳು ಮೂತ್ರಪಿಂಡದ ಕಡೆಗೆ ಬೆರಳು ತೋರಿಸುವುದೇ ಇಲ್ಲ. ಕಾರಣ ತಿಳಿಯದ ಜ್ವರ, ತೂಕ ಇಳಿಯುವುದು, ರಕ್ತಹೀನತೆ, ಅದಕ್ಕೆ ತದ್ವಿರುದ್ಧವಾಗಿ ಕೆಲವರಲ್ಲಿ ಕೆಂಪು ರಕ್ತಕಣಗಳು ವಿಪರೀತ ಹೆಚ್ಚುವುದು, ರಕ್ತದಲ್ಲಿ ಸುಣ್ಣದಂಶ ಏರಿ ಮಂಕು ಕವಿಯುವುದು, ಇವೆಲ್ಲ ಗಡ್ಡೆ ಸ್ರವಿಸುವ ರಾಸಾಯನಿಕಗಳ ಆಟ. ಎಡಭಾಗದ ವೃಷಣಚೀಲದಲ್ಲಿ ನಡುವಯಸ್ಸಿನಲ್ಲಿ ಹೊಸದಾಗಿ ರಕ್ತನಾಳಗಳು ಉಬ್ಬಿ, ಮಲಗಿದರೂ ಇಳಿಯದಿದ್ದರೆ, ಎಡ ಮೂತ್ರಪಿಂಡದ ಅಭಿಧಮನಿಯೊಳಗೆ ಗಡ್ಡೆ ಬೆಳೆದು ಅಲ್ಲಿಗೆ ಬಂದು ಸೇರುವ ವೃಷಣದ ಅಭಿಧಮನಿಯನ್ನು ಕಟ್ಟಿಹಾಕಿರುವ ಸಾಧ್ಯತೆಯುಂಟು. ಇದನ್ನು ಹೇಳಿಕೊಳ್ಳಲು ಗಂಡಸರು ನಾಚುತ್ತಾರೆಂಬುದರಿಂದಲೇ ಇದನ್ನು ಬಿಡಿಸಿ ಬರೆಯಬೇಕಾಗಿದೆ.

ಹಾಗಾದರೆ ಈ ಕ್ಯಾನ್ಸರ್ ಪತ್ತೆಯಾಗುವುದು ಹೇಗೆ? ಇಂದು ಅರ್ಧಕ್ಕಿಂತ ಹೆಚ್ಚು ಪ್ರಕರಣಗಳು, ಸ್ಕ್ಯಾನಿಂಗ್ ಹೆಚ್ಚಿರುವ ದೇಶಗಳಲ್ಲಂತೂ ಬಹುಪಾಲು, ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಆಕಸ್ಮಿಕವಾಗಿ ಕಾಣಸಿಗುತ್ತವೆ. ಪಿತ್ತಕೋಶದ ಕಲ್ಲು ನೋಡಲು ಹೋಗಿ, ಗ್ಯಾಸ್ಟ್ರಿಕ್ ತೊಂದರೆಗೆಂದು ಹೋಗಿ ಕಿಡ್ನಿಯ ಗಡ್ಡೆ ಕಾಣುತ್ತದೆ. ಇದನ್ನು ಕೇಳಿದ ಕೂಡಲೇ ಹುಟ್ಟುವ ಸಹಜ ಬೇಡಿಕೆ, ಎಲ್ಲರಿಗೂ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಬಾರದೇಕೆ ಎಂಬುದು. ತಾಲ್ಲೂಕು ಕೇಂದ್ರಗಳ ಖಾಸಗಿ ಪ್ರಯೋಗಾಲಯಗಳ ‘ಫುಲ್ ಬಾಡಿ ಚೆಕಪ್’ ಫಲಕಗಳು ಇದೇ ಆಸೆಯನ್ನು ಮಾರುತ್ತಿವೆ. ಈ ಬೇಡಿಕೆಯನ್ನು ವಿರೋಧಿಸುವುದು ಕಠೋರವೆನಿಸಿದರೂ ವಿರೋಧಿಸಲೇಬೇಕು. ಕೋಟಿಗಟ್ಟಲೆ ಜನರಲ್ಲಿ ಅಪರೂಪದ ಕಾಯಿಲೆಯೊಂದನ್ನು ಹುಡುಕಿದಾಗ ಸಿಗುವುದರಲ್ಲಿ ಬಹುಪಾಲು ಆ ಕಾಯಿಲೆಯಾಗಿರುವುದಿಲ್ಲ. ಐವತ್ತು ದಾಟಿದವರ ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳು ಸರ್ವೇಸಾಮಾನ್ಯ. ಅವುಗಳಲ್ಲಿ ಯಾವುದು ನಿರಪಾಯ, ಯಾವುದನ್ನು ಶಂಕಿಸಬೇಕು ಎಂದು ಗೋಡೆಯ ದಪ್ಪ, ಒಳಗಿನ ಅಡ್ಡಪರದೆಗಳ ಆಧಾರದ ಮೇಲೆ ವಿಂಗಡಿಸುವ ಪದ್ಧತಿಯನ್ನು ಮಾರ್ಟನ್ ಬೋಸ್ನಿಯಾಕ್ ಎಂಬ ಅಮೆರಿಕದ ವೈದ್ಯರು 1986ರಲ್ಲಿ ರೂಪಿಸಿದ್ದು ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಪ್ಪಿಸುವುದಕ್ಕಾಗಿಯೇ. ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಾದ ಗಟ್ಟಿ ಗಡ್ಡೆಗಳಲ್ಲೂ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಆಗಿರುವುದಿಲ್ಲ, ಕ್ಯಾನ್ಸರ್ ಆಗಿರುವವುಗಳಲ್ಲೂ ಹಲವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ನಿಧಾನದವು. ವಯಸ್ಸಾದ, ಬೇರೆ ಕಾಯಿಲೆಗಳಿರುವ ರೋಗಿಯಲ್ಲಿ ಅಂಥದ್ದನ್ನು ಆಗಾಗ ಸ್ಕ್ಯಾನ್ ಮಾಡಿ ಕಾಯುವುದೂ ಒಪ್ಪಿತವಾದ ಚಿಕಿತ್ಸಾಕ್ರಮವೇ. ಆದ್ದರಿಂದಲೇ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ 30 ವರ್ಷ ಮೇಲ್ಪಟ್ಟವರಿಗೆ ನಡೆಯುವ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿದ್ದು ಮೂತ್ರಪಿಂಡದ್ದು ಇಲ್ಲದಿರುವುದು ಲೋಪವಲ್ಲ.

ಗುರುತಿದ್ದವರು ನೋಡಿಸಿಕೊಳ್ಳದೆ ಉಳಿಯುವುದು, ಗುರುತಿಲ್ಲದವರು ಹಣ ಕೊಟ್ಟು ನೆರಳುಗಳನ್ನು ಹುಡುಕಿಸುವುದು, ಈ ಎರಡೂ ಒಂದೇ ಊರಿನಲ್ಲಿ ಒಟ್ಟಿಗೆ ನಡೆಯುತ್ತಿರುವುದು ತಿಳಿವಳಿಕೆ ಎಲ್ಲಿ ತಪ್ಪಿದೆಯೆಂಬುದನ್ನು ತೋರಿಸುತ್ತದೆ.

ತಡವಾಗುವುದರ ಬೆಲೆ ಈ ಕ್ಯಾನ್ಸರಿನಲ್ಲಿ ಬೇರೆ ಹಲವಕ್ಕಿಂತ ಹೆಚ್ಚು. ಅಮೆರಿಕದ ನೋಂದಣಿಯ ಲೆಕ್ಕದಲ್ಲಿ, ಗಡ್ಡೆ ಮೂತ್ರಪಿಂಡದೊಳಗೇ ಇದ್ದಾಗ ಪತ್ತೆಯಾದವರಲ್ಲಿ ಐದು ವರ್ಷ ಬದುಕುಳಿಯುವವರು ನೂರಕ್ಕೆ ತೊಂಬತ್ತಕ್ಕೂ ಮೇಲೆ. ಶ್ವಾಸಕೋಶಕ್ಕೋ ಮೂಳೆಗೋ ಹರಡಿದ ಮೇಲೆ ಪತ್ತೆಯಾದವರಲ್ಲಿ ಅದು ಇಪ್ಪತ್ತಕ್ಕೂ ಕೆಳಗೆ. ಸಾಮಾನ್ಯವಾಗಿ ಕ್ಯಾನ್ಸರ್ ಎಂದರೆ ಕೀಮೋಥೆರಪಿ, ಕರೆಂಟು (ಜನ ವಿಕಿರಣ ಚಿಕಿತ್ಸೆಗೆ ಇಟ್ಟಿರುವ ಹೆಸರು) ಎಂಬ ಕಲ್ಪನೆಯಿದೆ. ಮೂತ್ರಪಿಂಡದ ಕ್ಯಾನ್ಸರ್ ಕೀಮೋಥೆರಪಿಯ ಔಷಧಿಗಳಿಗೆ ಬಹುಮಟ್ಟಿಗೆ ಬಗ್ಗುವುದಿಲ್ಲ, ಹಳೆಯ ಬಗೆಯ ವಿಕಿರಣಕ್ಕೂ ಅಷ್ಟಾಗಿ ಮಣಿಯುವುದಿಲ್ಲ. ಅದನ್ನು ಗುಣಪಡಿಸುವ ಮುಖ್ಯ ಸಾಧನ ಇಂದಿಗೂ ಶಸ್ತ್ರಚಿಕಿತ್ಸೆಯೇ. ಕೆನಡಾದ ಚಾರ್ಲ್ಸ್ ರಾಬ್ಸನ್ 1960ರ ದಶಕದಲ್ಲಿ ಮೂತ್ರಪಿಂಡವನ್ನು ಅದರ ಸುತ್ತಲಿನ ಕೊಬ್ಬು, ಪೊರೆಗಳ ಸಮೇತ ತೆಗೆಯುವ ವಿಧಾನವನ್ನು ನೆಲೆಗೊಳಿಸಿದರು. ಈಗ ಚಿಕ್ಕ ಗಡ್ಡೆಗಳಲ್ಲಿ, ವಿಶೇಷವಾಗಿ ನಾಲ್ಕು ಸೆಂಟಿಮೀಟರಿನೊಳಗಿನವುಗಳಲ್ಲಿ, ಸಾಧ್ಯವಾದಾಗಲೆಲ್ಲ ಗಡ್ಡೆಯನ್ನಷ್ಟೇ ಕೊರೆದು ಉಳಿದ ಪಿಂಡವನ್ನು ಕಾಪಾಡುವ ಭಾಗಶಃ ಶಸ್ತ್ರಚಿಕಿತ್ಸೆ ಅದರ ಜಾಗಕ್ಕೆ ಬಂದಿದೆ.

ಇಲ್ಲಿ ಎರಡು ಭಯಗಳು ಅಡ್ಡ ನಿಲ್ಲುತ್ತವೆ. ಒಂದು ಕಿಡ್ನಿ ತೆಗೆಸಿದರೆ ದುಡಿಯಲಾಗದು, ಕೊನೆಗೆ ಡಯಾಲಿಸಿಸ್ಸೇ ಗತಿ ಎಂಬುದು ಮೊದಲನೆಯದು. ಮಗನಿಗೆ ಕಿಡ್ನಿ ದಾನ ಮಾಡಿದ ತಾಯಂದಿರು ಒಂದೇ ಕಿಡ್ನಿಯಲ್ಲಿ ದಶಕಗಟ್ಟಲೆ ಬಾಳುತ್ತಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಉಳಿದ ಪಿಂಡ ಆರೋಗ್ಯವಾಗಿದ್ದು, ಬಿ.ಪಿ., ಸಕ್ಕರೆ ಹತೋಟಿಯಲ್ಲಿದ್ದರೆ ಸಾಮಾನ್ಯ ಬದುಕಿಗೆ ಅದು ಸಾಕು. ಚಾಕು ಮುಟ್ಟಿದರೆ ಗಡ್ಡೆ ಹರಡುತ್ತದೆ ಎಂಬುದು ಎರಡನೆಯದು. ತಡವಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಮೊದಲೇ ಹರಡಿದ್ದ ಕಾಯಿಲೆ ಆಮೇಲೆ ಕಾಣಿಸಿಕೊಂಡದ್ದನ್ನು ನೋಡಿ ಹುಟ್ಟಿದ ನಂಬಿಕೆಯಿದು; ಹಿಂದೆ ನಡೆದದ್ದನ್ನು ಮುಂದೆ ನಡೆದದ್ದರ ಕಾರಣವೆಂದು ತಿಳಿಯುವ ಹಳೆಯ ತಪ್ಪು. ಈ ಭಯಗಳ ಜೊತೆಗೆ ದೂರ ಸೇರುತ್ತದೆ. 1973ರಲ್ಲಿ ಆರಂಭವಾದ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿದೆ, ವಿಕ್ಟೋರಿಯಾ ಆಸ್ಪತ್ರೆಯ ಆವರಣದ ನೆಫ್ರೊ ಯುರಾಲಜಿ ಸಂಸ್ಥೆ ಸಿಟಿ ಮಾರುಕಟ್ಟೆಯ ಬಳಿ. ಉತ್ತರದ ದೊಡ್ಡಬಳ್ಳಾಪುರದಿಂದ ಹೊರಟವರು ಕಿದ್ವಾಯಿ ತಲುಪಲು ಇಡೀ ನಗರವನ್ನು ದಾಟಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಖರ್ಚು ವಹಿಸುತ್ತದೆ, ಆದರೆ ಮೊದಲ ಸ್ಕ್ಯಾನಿಗೆ ಮುಂಚೆ ಕಳೆದುಹೋಗುವ ಕೂಲಿಯ ದಿನಗಳನ್ನು ಯಾವ ಕಾರ್ಡೂ ತುಂಬಿಕೊಡುವುದಿಲ್ಲ.

ಹರಡಿದ ಕಾಯಿಲೆಯ ಚಿಕಿತ್ಸೆ ಕಳೆದ ಎರಡು ದಶಕಗಳಲ್ಲಿ ಬದಲಾದ ಬಗೆ ವಿಜ್ಞಾನದ ದೊಡ್ಡ ಕಥೆಗಳಲ್ಲೊಂದು. 1883ರಲ್ಲಿ ಜರ್ಮನಿಯ ಪಾಲ್ ಗ್ರಾವಿಟ್ಸ್ ಈ ಗಡ್ಡೆಗಳ ಹಳದಿ ಕೊಬ್ಬನ್ನು ಕಂಡು, ಇವು ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕೂತ ಅಡ್ರಿನಲ್ ಗ್ರಂಥಿಯ ತುಣುಕುಗಳಿಂದ ಹುಟ್ಟಿದವೆಂದು ಭಾವಿಸಿದರು. ಆ ತಪ್ಪು ಗ್ರಹಿಕೆಯಿಂದ ಬಂದ ಹೆಸರು ನೂರು ವರ್ಷ ಪಠ್ಯಪುಸ್ತಕಗಳಲ್ಲಿ ಉಳಿಯಿತು. ನಿಜವಾದ ಸುಳಿವು ಸಿಕ್ಕಿದ್ದು ಕಣ್ಣು, ಮೆದುಳು, ಮೂತ್ರಪಿಂಡಗಳಲ್ಲಿ ಗಡ್ಡೆಗಳು ವಂಶಪಾರಂಪರ್ಯವಾಗಿ ಬರುವ ಅಪರೂಪದ ಕಾಯಿಲೆಯೊಂದರಿಂದ. ವಾನ್ ಹಿಪ್ಪೆಲ್ ಮತ್ತು ಲಿಂಡೌ ಎಂಬ ಇಬ್ಬರು ವೈದ್ಯರ ಹೆಸರು ಹೊತ್ತ ಆ ಕಾಯಿಲೆಯ ಜೀನ್ 1993ರಲ್ಲಿ ಪತ್ತೆಯಾದಾಗ, ವಂಶದಲ್ಲಿ ಕಾಯಿಲೆಯೇ ಇಲ್ಲದವರ ತಿಳಿಕೋಶದ ಗಡ್ಡೆಗಳಲ್ಲೂ ಬಹುಪಾಲು ಅದೇ ಜೀನ್ ಕೆಟ್ಟಿರುವುದು ಕಂಡಿತು. ದೇಹದಲ್ಲಿ ಆಮ್ಲಜನಕ ಸಾಕಷ್ಟಿರುವಾಗ, ‘ಆಮ್ಲಜನಕ ಕಡಿಮೆಯಾಗಿದೆ, ರಕ್ತನಾಳ ಬೆಳೆಸು, ರಕ್ತಕಣ ಹೆಚ್ಚಿಸು’ ಎಂದು ಆಜ್ಞೆ ಕೊಡುವ ಪ್ರೋಟೀನನ್ನು ಗುರುತಿಸಿ ನಾಶಕ್ಕೆ ಕಳಿಸುವುದು ಈ ಜೀನಿನ ಕೆಲಸ. ಅದು ಕೆಟ್ಟಾಗ ಉಸಿರು ಸಮೃದ್ಧವಾಗಿದ್ದರೂ ಕೋಶ ಉಸಿರುಗಟ್ಟಿದಂತೆ ವರ್ತಿಸಿ ರಕ್ತನಾಳಗಳನ್ನು ತನ್ನತ್ತ ಕರೆದುಕೊಳ್ಳುತ್ತದೆ. ಈ ಗಡ್ಡೆಗಳು ರಕ್ತದಿಂದ ತೊಯ್ದಿರುವುದೇಕೆ, ಕೆಲವು ರೋಗಿಗಳಲ್ಲಿ ಕೆಂಪುಕಣಗಳು ಏರುವುದೇಕೆ ಎಂಬ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ ದೊರೆತದ್ದು ಹೀಗೆ. ಕೋಶಗಳು ಆಮ್ಲಜನಕವನ್ನು ಅರಿಯುವ ಈ ವ್ಯವಸ್ಥೆಯನ್ನು ಬಿಡಿಸಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು.

ರಕ್ತನಾಳಗಳ ಬೆಳವಣಿಗೆಯನ್ನು ತಡೆಯುವ ಸೊರಾಫೆನಿಬ್ ಮಾತ್ರೆಗೆ 2005ರ ಕೊನೆಯಲ್ಲಿ, ಸುನಿಟಿನಿಬ್‌ಗೆ 2006ರ ಆರಂಭದಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2015ರಿಂದ ರೋಗನಿರೋಧಕ ಕೋಶಗಳ ಕಟ್ಟು ಬಿಚ್ಚಿ ಗಡ್ಡೆಯ ಮೇಲೆ ಬಿಡುವ ನಿವೊಲುಮಾಬ್‌ನಂಥ ಇಮ್ಯುನೊಥೆರಪಿಯ ಔಷಧಿಗಳು ಬಂದವು. ಹಿಂದೆ ಹರಡಿದ ಕಾಯಿಲೆಯಲ್ಲಿ ಆಯುಸ್ಸನ್ನು ತಿಂಗಳುಗಳಲ್ಲಿ ಎಣಿಸುತ್ತಿದ್ದರು. ಈಗಿನ ಜೋಡಿ ಔಷಧಿಗಳ ದೊಡ್ಡ ಅಧ್ಯಯನಗಳಲ್ಲಿ ಅರ್ಧದಷ್ಟು ರೋಗಿಗಳು ನಾಲ್ಕು ವರ್ಷದ ಆಸುಪಾಸಿಗೆ ಬದುಕಿದ್ದಾರೆ. ಈ ಔಷಧಿಗಳಲ್ಲಿ ಹಲವುಗಳ ಖರ್ಚು ತಿಂಗಳಿಗೆ ಹತ್ತಾರು ಸಾವಿರ, ಕೆಲವುಗಳದು ಲಕ್ಷ ರೂಪಾಯಿಗಳ ಮಟ್ಟದಲ್ಲಿದೆ. ಮಗ್ಗದ ಕೂಲಿಯಲ್ಲಿ ಬದುಕುವ ಮನೆಯೊಂದಕ್ಕೆ ನೊಬೆಲ್ ವಿಜ್ಞಾನದ ಫಲ ತಲುಪುವುದಕ್ಕಿಂತ, ನಾಲ್ಕು ಸೆಂಟಿಮೀಟರಿನೊಳಗೆ ಗಡ್ಡೆ ಕಾಣುವುದು ಸುಲಭವೆಂಬ ಕಟುಸತ್ಯವನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ.

ಕಾರಣದ ಪ್ರಶ್ನೆಗೆ ಬಂದರೆ ಈ ಜಿಲ್ಲೆಯಲ್ಲಿ ಉತ್ತರ ಮೊದಲೇ ಸಿದ್ಧವಿದೆ: ನೀರು. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿಯ ಪಾತ್ರದಲ್ಲಿರುವ ದೊಡ್ಡತುಮಕೂರು ಕೆರೆಗೆ ದೊಡ್ಡಬಳ್ಳಾಪುರದ ಒಳಚರಂಡಿ ನೀರೂ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ಸೇರುತ್ತಿದೆಯೆಂದು ದೊಡ್ಡತುಮಕೂರು, ಮಜರಾಹೊಸಹಳ್ಳಿ ಗ್ರಾಮ ಪಂಚಾಯಿತಿಗಳ ಜನ ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. ಕೆರೆ ಬತ್ತಿದ ಕಡೆ ಸಾವಿರ ಅಡಿ ಮೀರಿದ ಕೊಳವೆಬಾವಿಗಳು ಗ್ರಾನೈಟ್ ಬಂಡೆಯ ಬಿರುಕುಗಳಿಂದ ಫ್ಲೋರೈಡ್, ಕೆಲವೆಡೆ ಯುರೇನಿಯಂ ಬೆರೆತ ನೀರನ್ನು ಎತ್ತುತ್ತವೆ ಎಂಬುದು ಪೂರ್ವ ಕರ್ನಾಟಕದ ಬಯಲುಸೀಮೆಯುದ್ದಕ್ಕೂ ದಾಖಲಾದ ವಿಷಯ. ನೀರಿನ ಬಗ್ಗೆ ಜನರ ಈ ಕ್ರೋಧ ನ್ಯಾಯವಾದದ್ದು. ಶುದ್ಧ ನೀರು ಕೇಳುವುದಕ್ಕೆ ಯಾರೂ ಕ್ಯಾನ್ಸರನ್ನು ಸಾಕ್ಷಿಗೆ ಕರೆತರಬೇಕಾಗಿಲ್ಲ. ಆದರೆ ಮೂತ್ರಪಿಂಡದ ಕ್ಯಾನ್ಸರನ್ನು ಅರ್ಥಮಾಡಿಕೊಳ್ಳುವ ಪ್ರಶ್ನೆ ಬಂದಾಗ ಹೆಜ್ಜೆ ಎಚ್ಚರಿಕೆಯಿಂದ ಇಡಬೇಕಾಗುತ್ತದೆ. ಯುರೇನಿಯಂ ನೀರಿನಲ್ಲಿ ಒಂದು ಲೀಟರಿಗೆ 30 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅದು ಮೂತ್ರಪಿಂಡದ ನಾಳಗಳಿಗೆ ವಿಷವಾಗುವುದರಿಂದ. ಕುಡಿಯುವ ನೀರಿನ ಯುರೇನಿಯಂ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಹುಟ್ಟಿಸುತ್ತದೆಂಬುದಕ್ಕೆ ಖಚಿತ ಪುರಾವೆ ದೊರೆತಿಲ್ಲ. ಕೆಲಸ ಕುಗ್ಗಿಸುವ ವಿಷ ಬೇರೆ, ಕೋಶದ ಜೀನು ಕೆಡಿಸುವ ವಿಷ ಬೇರೆ. ‘ಕಿಡ್ನಿಗೆ ಕೆಟ್ಟದ್ದು’ ಎಂಬ ಒಂದೇ ಮಾತಿನಲ್ಲಿ ಎರಡೂ ಕಲೆತುಹೋಗುತ್ತವೆ. ಕೈಗಾರಿಕೆಗಳ ವಿಷಯದಲ್ಲಿ ಹೆಸರಿಟ್ಟು ಕೇಳಬೇಕಾದ ಪ್ರಶ್ನೆ ಒಂದಿದೆ: ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೊಎಥಿಲೀನ್ ಎಂಬ ದ್ರಾವಕ ಮೂತ್ರಪಿಂಡದ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ತೀರ್ಮಾನಿಸಿದೆ. ದಾಬಸ್‌ಪೇಟೆ, ಪಿಳ್ಳಗುಂಪೆ, ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶಗಳ ಯಾವ ಘಟಕಗಳಲ್ಲಿ ಅದು ಬಳಕೆಯಲ್ಲಿದೆ, ಅದರ ಆವಿಯನ್ನು ಉಸಿರಾಡುವ ಕಾರ್ಮಿಕರ ಆರೋಗ್ಯವನ್ನು ಯಾರು ಗಮನಿಸುತ್ತಿದ್ದಾರೆ ಎಂದು ಕೇಳುವುದು ‘ನೀರಿನಿಂದ ಕ್ಯಾನ್ಸರ್’ ಎಂಬ ಘೋಷಣೆಗಿಂತ ಮುಂದೆ ಹೋಗುವ ಪ್ರಶ್ನೆ.

ಖಚಿತವಾಗಿ ಗೊತ್ತಿರುವ ಕಾರಣಗಳು ಮಾತ್ರ ಮನೆಯೊಳಗಿನವು. ಬೀಡಿ ಸಿಗರೇಟು ಸೇದುವವರಲ್ಲಿ ಈ ಕ್ಯಾನ್ಸರಿನ ಅಪಾಯ ಸೇದದವರಿಗಿಂತ ಮೂರನೇ ಒಂದರಿಂದ ಅರ್ಧದಷ್ಟು ಹೆಚ್ಚು. ಬೊಜ್ಜು ಏರಿದಂತೆ ಅಪಾಯವೂ ಏರುತ್ತದೆ. ಹತೋಟಿಗೆ ಬಾರದ ರಕ್ತದೊತ್ತಡ ಮೂರನೆಯದು. ವರ್ಷಗಟ್ಟಲೆ ಡಯಾಲಿಸಿಸ್‌ನಲ್ಲಿರುವವರ ಕುಗ್ಗಿದ ಕಿಡ್ನಿಗಳಲ್ಲಿ ಗುಳ್ಳೆಗಳೆದ್ದು ಅವುಗಳಲ್ಲಿ ಕೆಲವು ಕ್ಯಾನ್ಸರ್ ಆಗುವುದೂ ಉಂಟು. ಗಂಡಸರಲ್ಲಿ ಹೆಂಗಸರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಕಾಣುವ, ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ಪಶ್ಚಿಮಕ್ಕಿಂತ ಸುಮಾರು ಒಂದು ದಶಕ ಮೊದಲೇ, ಐವತ್ತರ ಆಸುಪಾಸಿನಲ್ಲಿ ಕಾಣುವ ಕಾಯಿಲೆಯಿದು. ಜಮೀನು ವಿಮಾನನಿಲ್ದಾಣಕ್ಕೂ ಬಡಾವಣೆಗಳಿಗೂ ಹೋಗಿ, ರಾಗಿಯ ಹೊಲದ ನಡಿಗೆಯ ಬದುಕು ಕುರ್ಚಿಗೂ ಬೈಕಿಗೂ ಬದಲಾದ ದೇವನಹಳ್ಳಿಯಂಥ ತಾಲ್ಲೂಕಿನಲ್ಲಿ ತೂಕ, ಬಿ.ಪಿ. ಎರಡೂ ಏರುವ ಹಾದಿಯಲ್ಲಿವೆ. ಆದ್ದರಿಂದ ಉಪಕೇಂದ್ರದಲ್ಲಿ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವ ಕೆಲಸವೇ, ಆ ಹೆಸರಿಲ್ಲದೆ, ಮೂತ್ರಪಿಂಡದ ಕ್ಯಾನ್ಸರಿನ ತಡೆಯೂ ಆಗಿದೆ.

ಗಿಡಮೂಲಿಕೆಯ ಬಗ್ಗೆ ಒಂದು ಮಾತು. ಹಾವಿನ ವಿಷಕ್ಕೆ, ಹೊಟ್ಟೆನೋವಿಗೆ ಹಳ್ಳಿಗಳಲ್ಲಿ ಬಳಸಿಕೊಂಡು ಬಂದ ಈಶ್ವರಿ ಬಳ್ಳಿ ಅರಿಸ್ಟೊಲೋಕಿಯ ಎಂಬ ಕುಲಕ್ಕೆ ಸೇರಿದ್ದು. ಈ ಕುಲದ ಗಿಡಗಳಲ್ಲಿರುವ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುವುದಲ್ಲದೆ ಮೂತ್ರನಾಳದ ಕ್ಯಾನ್ಸರಿಗೂ ಕಾರಣವೆಂಬುದು ಸಿದ್ಧವಾಗಿದೆ. 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, 11 ದೇಶಗಳ 962 ರೋಗಿಗಳ ತಿಳಿಕೋಶದ ಗಡ್ಡೆಗಳ ಇಡೀ ಜೀನ್ ಸಂಪುಟವನ್ನು ಓದಿದ ಅಧ್ಯಯನ ರೊಮೇನಿಯಾ, ಸರ್ಬಿಯಾಗಳ ಗಡ್ಡೆಗಳಲ್ಲಿ ಇದೇ ಆಮ್ಲದ ಗುರುತನ್ನು ಕಂಡಿತು. ಜಪಾನಿನ ಬಹುಪಾಲು ಗಡ್ಡೆಗಳಲ್ಲಿ ಮೂಲ ತಿಳಿಯದ ಬೇರೊಂದು ಗುರುತಿತ್ತು. ವಿಷ ಬಿಟ್ಟುಹೋದ ಹೆಜ್ಜೆಗುರುತನ್ನು ಗಡ್ಡೆಯ ಜೀನುಗಳಲ್ಲೇ ಓದಬಹುದಾದ ಕಾಲ ಬಂದಿದೆ. ಆ ಹನ್ನೊಂದು ದೇಶಗಳಲ್ಲಿ ಭಾರತ ಇರಲಿಲ್ಲ. ದೊಡ್ಡತುಮಕೂರಿನ ಜನ ಕೇಳುತ್ತಿರುವ ಪ್ರಶ್ನೆಗೆ ಉತ್ತರ ಬರುವುದಾದರೆ ಇಂಥ ದಾರಿಯಿಂದಲೇ ಬರಬೇಕು, ಅದಕ್ಕೂ ಮುನ್ನ ಇನ್ನೂ ಸರಳವಾದ ಒಂದು ಕೆಲಸ ಆಗಬೇಕು: ಎಣಿಕೆ.

ದೇಶದ ಕ್ಯಾನ್ಸರ್ ಲೆಕ್ಕವನ್ನೆಲ್ಲ ಒಟ್ಟುಗೂಡಿಸುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರೋಗ ಮಾಹಿತಿ ಕೇಂದ್ರ ಇರುವುದು ಇದೇ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ, ಕನ್ನಮಂಗಲದ ಬಳಿಯ ಪೂಜನಹಳ್ಳಿಯಲ್ಲಿ. 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಶುರುವಾದಾಗ ಮುಂಬೈ, ಚೆನ್ನೈಗಳ ಜೊತೆ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ನಡೆಸುವ ನೋಂದಣಿಯೂ ಆರಂಭವಾಯಿತು. ಆದರೆ ಅದು ರೂಪುಗೊಂಡದ್ದು ಬೆಂಗಳೂರು ನಗರ ಸಮುಚ್ಚಯಕ್ಕೆ, ಅಲ್ಲಿ ಕನಿಷ್ಠ ಒಂದು ವರ್ಷ ನೆಲೆಸಿದ ನಿವಾಸಿಗಳಿಗೆ. ದೊಡ್ಡಬಳ್ಳಾಪುರದ ರೋಗಿ ಕಿದ್ವಾಯಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಆಸ್ಪತ್ರೆಯ ಪುಸ್ತಕದಲ್ಲಿ ಹೆಸರು ಬರುತ್ತದೆ, ಜನಸಂಖ್ಯೆಯ ಲೆಕ್ಕದಲ್ಲಿ ಮಾತ್ರ ಹೊರಗಿನವರಾಗುತ್ತಾರೆ. ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 17 ಸಾವಿರ ಹೊಸ ಪ್ರಕರಣಗಳು. ಅದೇ ದರವನ್ನು 2011ರ ಜನಗಣತಿಯ ಸುಮಾರು 9.9 ಲಕ್ಷ ಜನರ ಈ ಜಿಲ್ಲೆಗೆ ಹಾಕಿದರೆ ವರ್ಷಕ್ಕೆ ಹನ್ನೆರಡರಷ್ಟು ಬರಬೇಕು. ನಿಜಕ್ಕೂ ಬರುತ್ತಿರುವುದು ಎಂಟೋ ಇಪ್ಪತ್ತೈದೋ ಎಂದು ತಿಳಿಯದೆ ನೀರನ್ನು ದೂಷಿಸುವುದೂ ಸಾಧ್ಯವಿಲ್ಲ, ನಿರ್ದೋಷಿಯೆಂದು ಬಿಡುವುದೂ ಸಾಧ್ಯವಿಲ್ಲ. ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂಬ ಹೊಸ ಹೆಸರಿಡಲು 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಒಪ್ಪಿದೆ. ನೋಂದಣಿಯ ಗಡಿಯೂ ಅದೇ ಹುರುಪಿನಲ್ಲಿ ಉತ್ತರಕ್ಕೆ ಸರಿಯಬೇಕು.

ಅದು ಆಗದ ಕೆಲಸವೇನಲ್ಲ. ಕರ್ನಾಟಕದ ಗಡಿಗೆ ತಾಗಿದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಹಳ್ಳಿಗಳ ರೋಗಿಗಳು ತಾವಾಗಿ ಆಸ್ಪತ್ರೆಗೆ ಬಂದು ದಾಖಲಾಗುವುದಿಲ್ಲವೆಂದು ಗೊತ್ತಿದ್ದ ಅಲ್ಲಿನ ಕಾರ್ಯಕರ್ತರು ಊರೂರಿಗೆ ಹೋಗಿ, ಪಂಚಾಯಿತಿಯವರನ್ನೂ ಶಿಕ್ಷಕರನ್ನೂ ಮನೆಯವರನ್ನೂ ಕಂಡು, ಕ್ಯಾನ್ಸರಿನ ಗುರುತುಗಳನ್ನು ವಿವರಿಸಿ, ಅಂಥವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತಿದ್ದರು. ಎಣಿಸುವುದಕ್ಕೆಂದೇ ಹೊರಟ ಈ ಓಡಾಟದಿಂದ ಕೆಲವೇ ವರ್ಷಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲಿಗಿಂತ ಮುಂಚಿನ ಹಂತದಲ್ಲಿ ಪತ್ತೆಯಾಗತೊಡಗಿತು, ಯಾವ ಹೊಸ ಯಂತ್ರವೂ ಬರದೆ. ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ, ಹೊಸಕೋಟೆ ನೆಲಮಂಗಲಗಳ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಬಿ.ಪಿ. ಸಕ್ಕರೆಯ ಪ್ರಶ್ನೆಗಳನ್ನು ಈಗಾಗಲೇ ಮನೆಮನೆಗೆ ಒಯ್ಯುತ್ತಿದ್ದಾರೆ. ಅದೇ ಹಾಳೆಯ ಮೇಲೆ, ನಲವತ್ತು ದಾಟಿದವರಿಗಾಗಿ, ಇನ್ನೊಂದು ಸಾಲಿಗೆ ಜಾಗವಿದೆ: ನೋವಿಲ್ಲದೆ ಮೂತ್ರ ಕೆಂಪಗೆ ಹೋದದ್ದುಂಟೆ, ಒಂದೇ ಸಲವಾದರೂ?